ಮೈದಾನದ ಸಿಬ್ಬಂದಿ ತಪ್ಪಿದರೆ ಪಂದ್ಯ ಯಾರದು?

ಪ್ರಶ್ನೆ: ಅಮೆರಿಕದ ಬೇಸ್‌ಬಾಲ್ ಪಂದ್ಯವೊಂದರ ದೃಶ್ಯದಲ್ಲಿ, ಗೆರೆಯ ಬದಿಯಲ್ಲಿ ಕುಳಿತಿದ್ದ ಬಾಲ್ ಬಾಯ್ ಆಟದಲ್ಲಿದ್ದ ಚೆಂಡನ್ನೇ ಫೌಲ್ (ಗೆರೆಯಾಚೆ ಹೋದದ್ದು) ಎಂದು ಭಾವಿಸಿ ಎತ್ತಿಕೊಂಡದ್ದನ್ನು ಕಂಡೆ. ಇಂಥ ತಪ್ಪಿನ ನಷ್ಟ ಯಾರಿಗೆ? ಸಿಬ್ಬಂದಿಯ ತಪ್ಪಿನಿಂದ ಫಲಿತಾಂಶವೇ ಬದಲಾದದ್ದುಂಟೆ?
– ಓದುಗರೊಬ್ಬರು, ಹಾಸನ

ಉತ್ತರ: ಬಾಲ್ ಬಾಯ್ ವಿಷಯದಲ್ಲಿ ನಿಯಮ ಸ್ಪಷ್ಟವಾಗಿದೆ. ಆತ ತಪ್ಪಿಸಿಕೊಳ್ಳಲು ಯತ್ನಿಸಿದರೂ ಚೆಂಡು ಬಂದು ತಗುಲಿದರೆ ಆಟ ನಿಲ್ಲುವುದಿಲ್ಲ. ಆದರೆ ಚೆಂಡನ್ನು ಎತ್ತಿದರೆ, ತಳ್ಳಿದರೆ ಅಥವಾ ಒದ್ದರೆ, ಅವನ ಮನಸ್ಸಿನಲ್ಲಿ ಏನೇ ಇದ್ದಿರಲಿ, ಅದನ್ನು ಉದ್ದೇಶಪೂರ್ವಕ ಅಡ್ಡಿಯೆಂದೇ ಎಣಿಸಲಾಗುತ್ತದೆ. ಆ ಕ್ಷಣಕ್ಕೆ ಆಟ ನಿಲ್ಲುತ್ತದೆ. ಅಡ್ಡಿಯಾಗದೆ ಇದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ಅಂದಾಜು ಮಾಡಿ ಅಂಪೈರ್ ಓಟಗಾರರಿಗೆ ಸ್ಥಾನ ನಿಗದಿ ಮಾಡುತ್ತಾರೆ. ಹುಡುಗನ ಮನಸ್ಸನ್ನು ಅಳೆಯುವ ಹೊಣೆಯನ್ನು ಅಂಪೈರ್ ಮೇಲೆ ಹೊರಿಸದೆ, ಕಣ್ಣಿಗೆ ಕಾಣುವ ಕ್ರಿಯೆಯನ್ನಷ್ಟೇ ಪರಿಗಣಿಸುವ ಈ ನಿಯಮ ನನಗೆ ಬಹಳ ನ್ಯಾಯವಾಗಿ ಕಾಣುತ್ತದೆ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ 2014ರ ಆಗಸ್ಟ್ 19ರಂದು ಚಿಕಾಗೊದ ರಿಗ್ಲಿ ಫೀಲ್ಡ್‌ನಲ್ಲಿದೆ. ಆತಿಥೇಯ ಕಬ್ಸ್ ತಂಡ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ವಿರುದ್ಧ 2-0ಯಿಂದ ಮುಂದಿತ್ತು. ಒಂಬತ್ತು ಇನ್ನಿಂಗ್ಸ್‌ಗಳಲ್ಲಿ ಐದನೆಯದರ ಮೊದಲರ್ಧ, ಅಂದರೆ ಅತಿಥಿ ತಂಡದ ಬ್ಯಾಟಿಂಗ್ ಸರದಿ, ಮುಗಿದಿತ್ತು. ಆತಿಥೇಯರು ಮುಂದಿದ್ದರೆ ಪಂದ್ಯವನ್ನು ಪೂರ್ಣವೆಂದು ಘೋಷಿಸಲು ಅಷ್ಟು ಸಾಕು. ಆಗ ಜೋರು ಮಳೆ ಬಂತು, ಮೈದಾನದ ಮಣ್ಣಿನ ಭಾಗವನ್ನು ಮುಚ್ಚಲು ಸಿಬ್ಬಂದಿ ಟಾರ್ಪಾಲು ತಂದರು. ಉದ್ದಗಲ ಎರಡೂ ಸುಮಾರು 170 ಅಡಿಯಿರುವ ಇಂಥ ಟಾರ್ಪಾಲನ್ನು ದೊಡ್ಡ ಉರುಳೆಗೆ ಸುತ್ತಿಟ್ಟಿರುತ್ತಾರೆ. ಉರುಳೆಯನ್ನು ನೇರವಾಗಿ ಉರುಳಿಸಿ, ಅಂಚು ಹಿಡಿದು ಎಳೆದರೆ ಅದು ಹರಡಿಕೊಳ್ಳುತ್ತದೆ. ಅಂದು ಅದು ಸೊಟ್ಟಗೆ ಬಿಚ್ಚಿಕೊಂಡು ಒಂದೆಡೆ ಮುದ್ದೆಯಾಯಿತು. ನೀರು ಕುಡಿದು ಭಾರವಾದ ಬಟ್ಟೆಯನ್ನು ಸಿಬ್ಬಂದಿ ಜಗ್ಗಿದರೂ ಅದು ಜರುಗಲಿಲ್ಲ, ಮಣ್ಣಿನ ಒಂದು ಭಾಗ ತೆರೆದೇ ಉಳಿಯಿತು. ಮಳೆ ಸುಮಾರು ಕಾಲು ಗಂಟೆಯಲ್ಲೇ ನಿಂತಿತಾದರೂ ನೆಲ ಕೆಸರಾಗಿತ್ತು. 4 ಗಂಟೆ 34 ನಿಮಿಷ ಕಾದು, ನಡುರಾತ್ರಿ ಕಳೆದ ಮೇಲೆ ಅಂಪೈರ್‌ಗಳು ಪಂದ್ಯವನ್ನು ಅಲ್ಲಿಗೇ ನಿಲ್ಲಿಸಿದರು. ಗೆಲುವು ಕಬ್ಸ್‌ಗೆ ಸಂದಿತು.

ಅಂದರೆ ತಪ್ಪು ಆತಿಥೇಯರ ಸಿಬ್ಬಂದಿಯದು, ಲಾಭವೂ ಆತಿಥೇಯರದೇ. ಇದನ್ನು ಒಪ್ಪಲಾಗದೆ ಜೈಂಟ್ಸ್ ಆಕ್ಷೇಪ ಸಲ್ಲಿಸಿತು. ಹಿಂದಿನ ಬಳಕೆಯ ನಂತರ ಟಾರ್ಪಾಲನ್ನು ಸರಿಯಾಗಿ ಸುತ್ತಿಟ್ಟಿರಲಿಲ್ಲವೆಂದು ಕಂಡುಕೊಂಡ ಲೀಗ್ (ಮೇಜರ್ ಲೀಗ್ ಬೇಸ್‌ಬಾಲ್), ಆತಿಥೇಯರ ಅಧೀನದಲ್ಲಿರುವ ಯಾಂತ್ರಿಕ ಸಾಧನ ಕೆಟ್ಟರೆ ಪಂದ್ಯವನ್ನು ಮುಂದೂಡಬೇಕೆಂಬ ನಿಯಮವನ್ನು ಇದಕ್ಕೂ ಅನ್ವಯಿಸಿತು. ಕೈಯಿಂದ ಎಳೆಯುವ ಬಟ್ಟೆಯನ್ನು ಯಾಂತ್ರಿಕ ಸಾಧನವೆನ್ನುವುದು ಪದದ ಅರ್ಥವನ್ನು ತುಸು ಹಿಗ್ಗಿಸಿದಂತೆಯೇ ಸರಿ. ಆದರೂ ತೀರ್ಪು ನ್ಯಾಯವಾದದ್ದೆಂದು ನಾನು ದೃಢವಾಗಿ ನಂಬುತ್ತೇನೆ. 1986ರ ನಂತರ ಮಾನ್ಯವಾದ ಮೊದಲ ಆಕ್ಷೇಪ ಅದು. ಆಗಸ್ಟ್ 21ರಂದು ಪಂದ್ಯ ನಿಂತಲ್ಲಿಂದಲೇ ಮುಂದುವರಿಯಿತು. ಜೈಂಟ್ಸ್ ಒಂದು ರನ್ ಗಳಿಸಿತು, ಕಬ್ಸ್ 2-1ರಿಂದ ಗೆದ್ದಿತು. ಗೆದ್ದವರು ಬದಲಾಗಲಿಲ್ಲ; ಆದರೆ ಉಳಿದ ಇನ್ನಿಂಗ್ಸ್‌ಗಳನ್ನು ಆಡುವ ಹಕ್ಕು ಜೈಂಟ್ಸ್‌ಗೆ ಸಿಕ್ಕಿತು. ಹೀಗೆ ಆಕ್ಷೇಪಿಸುವ ಅವಕಾಶವನ್ನೇ ಲೀಗ್ 2020ರಲ್ಲಿ ತೆಗೆದುಹಾಕಿದ್ದು ನನಗೆ ಬೇಸರ ತಂದ ಸಂಗತಿ.

ಯಾವ ತೀರ್ಪಿನಿಂದಲೂ ಸರಿಪಡಿಸಲಾಗದ ಅವಘಡಗಳೂ ಇವೆ. 1985ರ ಅಕ್ಟೋಬರ್ 13ರಂದು ಸೇಂಟ್ ಲೂಯಿಸ್‌ನಲ್ಲಿ, ಪಂದ್ಯಕ್ಕೆ ಮುಂಚೆ ಕಾರ್ಡಿನಲ್ಸ್ ತಂಡದ ವಿನ್ಸ್ ಕೋಲ್ಮನ್ ಮೈದಾನದಲ್ಲಿದ್ದಾಗ, ಯಂತ್ರದಿಂದ ಉರುಳುವ ಟಾರ್ಪಾಲು ಅವರ ಎಡಗಾಲಿನ ಮೇಲೆ ಹರಿಯಿತು. ಆ ವರ್ಷ 110 ಬೇಸ್ ಕದ್ದಿದ್ದ, ಅಂದರೆ ಹೊಡೆತಕ್ಕೆ ಕಾಯದೆ ಅಷ್ಟು ಬಾರಿ ಮುಂದಿನ ನೆಲೆಗೆ ಓಡಿ ತಲುಪಿದ್ದ ಓಟಗಾರ ಅವರು. ಚಾಂಪಿಯನ್ ಯಾರೆಂದು ನಿರ್ಧರಿಸುವ ವರ್ಲ್ಡ್ ಸೀರೀಸ್‌ನಲ್ಲಿ ಅವರು ಆಡಲಾಗಲಿಲ್ಲ, ತಂಡ ಏಳನೇ ಪಂದ್ಯದಲ್ಲಿ ಕಾನ್ಸಾಸ್ ಸಿಟಿ ರಾಯಲ್ಸ್‌ಗೆ ಸೋತಿತು. ಅವರಿದ್ದಿದ್ದರೆ ಗೆಲ್ಲುತ್ತಿತ್ತೆಂದು ಹೇಳಲಾಗದು. ಮರುವರ್ಷ ಅವರು ಅದೇ ಕಾಲುಗಳಲ್ಲಿ ಮತ್ತೆ 107 ಬೇಸ್ ಕದ್ದರು.