ಪ್ರತಿಕ್ರಿಯೆ: ಜರ್ಮನ್ ಪದಗಳು ನೆನಪಿನಲ್ಲಿ ಉಳಿಯಲು

ದಿನಕ್ಕೆ 40 ಜರ್ಮನ್ ಪದ ಕಲಿತರೂ ವಾರದಲ್ಲಿ ಮರೆತುಹೋಗುತ್ತವೆ ಅಂದಿದ್ದೀರಿ. 40 ಜಾಸ್ತಿ ಆಯ್ತು, 10 ಸಾಕು. ಪುಣೆಯ ಕ್ಲಾಸಿನಲ್ಲಿ ಮೊದಮೊದಲು ನಾನೂ ಸುಮ್ನೆ ಪಟ್ಟಿ ಓದುತ್ತಿದ್ದೆ, ಏನೂ ಉಳಿಯಲಿಲ್ಲ. ಚೀಟಿಯ ಒಂದು ಕಡೆ ಕನ್ನಡ, ಹಿಂದೆ ಜರ್ಮನ್ ಬರೆಯಿರಿ. ತಿರುಗಿಸುವ ಮೊದಲು ಬಾಯಿಬಿಟ್ಟು ಹೇಳಿ. ಸರಿಯಾದರೆ ಮೂರು ದಿನ ಬಿಟ್ಟು, ಆಮೇಲೆ ವಾರ ಬಿಟ್ಟು ನೋಡಿ. ತಪ್ಪಿದ್ದು ನಾಳೆಯೇ ಮತ್ತೆ.

ಲಿಂಗವನ್ನು ಪದದ ಜೊತೆಗೇ ಕಲಿಯಿರಿ, ಇದು ಬಹಳ ಮುಖ್ಯ. ಜರ್ಮನ್‌ನಲ್ಲಿ ವಸ್ತುಗಳ ಹೆಸರಿಗೂ ಲಿಂಗ ಇದೆ, ಪದದ ಮುಂಚೆ ಬರುವ ಡೆರ್ ಪುಲ್ಲಿಂಗ, ಡೀ ಸ್ತ್ರೀಲಿಂಗ, ಡಾಸ್ ನಪುಂಸಕ. ಚಮಚ ಡೆರ್ ಲ್ಯೋಫೆಲ್, ಫೋರ್ಕ್ ಡೀ ಗಾಬೆಲ್, ಚಾಕು ಡಾಸ್ ಮೆಸರ್. ನಮಗೆ ಮೂರೂ ‘ಅದು’, ಅದಕ್ಕೇ ಎಡವುತ್ತೇವೆ. ನಿಮಗೆ ಮರಾಠಿ ಬರುತ್ತದೆ ಅಲ್ವಾ? ಮೂರು ಲಿಂಗಕ್ಕೆ ತೋ, ತೀ, ತೇ ಅನ್ನುವ ಅದರ ರೂಢಿ ನೆರವಾಗುತ್ತದೆ. ಆದರೆ ಮರಾಠಿಯ ಲಿಂಗವನ್ನೇ ಜರ್ಮನ್‌ಗೂ ಹಚ್ಚಬೇಡಿ. ಚಾಕುವಿಗೆ ಮರಾಠಿಯ ಸುರೀ ಸ್ತ್ರೀಲಿಂಗ, ಜರ್ಮನ್‌ನ ಮೆಸರ್ ನಪುಂಸಕ.