ವಯಸ್ಸು, ಕೈತಪ್ಪಿದ ಪ್ರೀತಿ, ಓಡುವ ಕಾಲ: ಇವುಗಳ ಬಗ್ಗೆ ನಾನು ಬರೆಯುವ ಕವಿತೆ ಯಾಕೆ ಸಪ್ಪೆಯಾಗುತ್ತದೆ?

ನಿಮ್ಮ ಪ್ರಶ್ನೆ ಇಷ್ಟು: ನಿಮಗೆ 56 ವರ್ಷ. ಎರಡು ವರ್ಷದಿಂದ ಕವಿತೆ ಬರೆಯುತ್ತಿದ್ದೀರಿ. ವಿಷಯ ಇವು ಮೂರೇ. ಓದಿದವರು ಚೆನ್ನಾಗಿದೆ ಎನ್ನುತ್ತಾರೆ, ನಿಮಗೆ ಮಾತ್ರ ಎಲ್ಲವೂ ಒಂದೇ ಥರ ಅನ್ನಿಸುತ್ತದೆ. ಏನು ತಪ್ಪು ಅಂತ ಕೇಳಿದ್ದೀರಿ. ಹೆಂಡತಿಗೆ ತೋರಿಸಬಹುದಾ ಅಂತಲೂ ಕೇಳಿದ್ದೀರಿ. ಜೊತೆಗೆ ಈ ನಾಲ್ಕು ಸಾಲು ಕೊಟ್ಟಿದ್ದೀರಿ:

ಕಾಲದ ಹೊಳೆಯಲ್ಲಿ ಕೊಚ್ಚಿಹೋಯಿತು ಒಲವು
ತಲೆ ನರೆತರೂ ಮನದಲ್ಲಿ ನೀನಿನ್ನೂ ಹೊಸ ಹೂವು
ಸಂಜೆಯಾದರೆ ಬರುತ್ತಿದ್ದೆ, ನಗುತ್ತಿದ್ದೆ
ನಾನು ಸುಮ್ಮನೆ ನೋಡುತ್ತಾ ಕಾಯುತ್ತಿದ್ದೆ

ಮೊದಲೇ ಹೇಳಿಬಿಡುತ್ತೇನೆ, ನಾನು ಹೆಸರು ಮಾಡಿದ ಕವಿಯಲ್ಲ. ನಿಮಗಿಂತ ಎಂಟು ವರ್ಷ ದೊಡ್ಡವನು, ಅಷ್ಟೇ. ನೀವೀಗ ಬಿದ್ದಿರುವ ಹೊಂಡಕ್ಕೆ ನಿಮಗಿಂತ ಮೊದಲು ಬಿದ್ದು, ಜಾಸ್ತಿ ದಿನ ಒಳಗೇ ಇದ್ದವನು.

ನಿಮ್ಮ ಸಾಲುಗಳಲ್ಲಿ ಒಂದು ವಿಷಯ ಎದ್ದು ಕಂಡಿತು. ನಿಮ್ಮ ತಲೆ ನರೆತಿದೆ. ಆಕೆ ಮಾತ್ರ ಇನ್ನೂ ಹೊಸ ಹೂವು. ಅಂದರೆ ಈ ಕವಿತೆಯಲ್ಲಿ ವಯಸ್ಸಾಗುತ್ತಿರುವುದು ನಿಮಗೊಬ್ಬರಿಗೇ. ಆಕೆಗೆ ಇಪ್ಪತ್ತೊಂದೋ ಇಪ್ಪತ್ತೆರಡೋ ಆದ ದಿನ ನೀವು ಕ್ಯಾಲೆಂಡರ್ ಹಾಳೆ ಮಗುಚುವುದನ್ನೇ ನಿಲ್ಲಿಸಿಬಿಟ್ಟಿದ್ದೀರಿ. ಕಾಲ ಓಡಿತು ಅಂತ ಗೋಳಾಡುವ ಕವಿತೆಯಲ್ಲಿ ಕಾಲ ಅರ್ಧಕ್ಕೆ ಮಾತ್ರ ಓಡಿದೆ. ಸಪ್ಪೆ ಅನ್ನಿಸುವುದು ಇದರಿಂದಲೇ ಅಂತ ನನ್ನ ಲೆಕ್ಕ. ಆಕೆಗೂ ಮಂಡಿ ನೋಯುತ್ತಿರಬಹುದು. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಮನೆಯೆಲ್ಲ ಹುಡುಕುತ್ತಿರಬಹುದು. ಅದಕ್ಕೆಲ್ಲ ನಿಮ್ಮ ಕವಿತೆಯಲ್ಲಿ ಜಾಗವೇ ಇಲ್ಲ, ಅಲ್ವಾ?

ಇದು ನನಗೆ ಹೊಳೆದದ್ದಲ್ಲ. ಮುಖಕ್ಕೆ ಹೊಡೆದ ಹಾಗೆ ಗೊತ್ತಾದದ್ದು. ಆ ಕಥೆ ಹೇಳುತ್ತೇನೆ.

ನಾನೂ ವರ್ಷಗಟ್ಟಲೆ ಒಬ್ಬಳ ಬಗ್ಗೆಯೇ ಬರೆದೆ. ನನ್ನ ಕವಿತೆಗಳಲ್ಲಿ ಒಂದು ಹಳದಿ ಕೊಡೆ ಇತ್ತು. ಮಳೆ, ಕಾಲೇಜಿನ ಮೆಟ್ಟಿಲು, ಹಳದಿ ಕೊಡೆ ಹಿಡಿದು ಇಳಿದು ಬರುವ ಹುಡುಗಿ. ಎಣಿಸಿ ನೋಡಿದರೆ ಹನ್ನೊಂದು ಕವಿತೆಗಳಲ್ಲಿ ಆ ಕೊಡೆ ಇದೆ. ಕೊಡೆ ಅಂದರೆ ಅವಳು, ಅವಳು ಅಂದರೆ ಕೊಡೆ, ಹಾಗಾಗಿಬಿಟ್ಟಿತ್ತು.

ಮೂರು ವರ್ಷದ ಹಿಂದೆ ಕಣ್ಣಿನ ಪೊರೆ ತೋರಿಸಿಕೊಳ್ಳಲು ಆಸ್ಪತ್ರೆಗೆ ಹೋಗಿದ್ದೆ. ಡ್ರಾಪ್ಸ್ ಹಾಕಿ ಬೆಂಚಿನ ಮೇಲೆ ಕೂರಿಸಿದ್ದರು. ಡ್ರಾಪ್ಸ್ ಹಾಕಿದ ಮೇಲೆ ಗೊತ್ತಲ್ಲ, ಹತ್ತಿರದ್ದೇನೂ ಸರಿಯಾಗಿ ಕಾಣುವುದಿಲ್ಲ, ಬೆಳಕು ಚುಚ್ಚುತ್ತದೆ. ಪಕ್ಕದಲ್ಲಿ ಕೂತಿದ್ದವರು "ಈಗ ಎಷ್ಟನೇ ನಂಬರ್ ಕರೆದ್ರು?" ಅಂತ ಕೇಳಿದರು. ಧ್ವನಿ ಕೇಳಿದ ಕೂಡಲೇ ಗೊತ್ತಾಯಿತು. ಮುಖ ನೋಡಿದರೆ ಮಂಜು ಮಂಜು. ಅವಳಿಗೂ ಡ್ರಾಪ್ಸ್ ಹಾಕಿದ್ದರು. ಮೂವತ್ತೆಂಟು ವರ್ಷದ ನಂತರ ಎದುರಾದೆವು, ಇಬ್ಬರಿಗೂ ಇಬ್ಬರೂ ಕಾಣಿಸುತ್ತಿಲ್ಲ. ಹೆಸರು ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು, "ಓ, ನೀವಾ!" ಎಂದಳು.

ನೀವು. ಕಾಲೇಜಿನಲ್ಲಿ ನಾನು ಅವಳಿಗೆ "ನೀನು" ಆಗಿದ್ದೆ. ನನ್ನ ಬಾಯಲ್ಲೂ "ಹೇಗಿದ್ದೀರಿ" ಎಂದೇ ಬಂತು. ಆಮೇಲೆ ಯೋಚಿಸಿದೆ, ಕಾಲದ ಹೊಳೆ ಗೀಳೆ ಅಂತ ಹತ್ತು ಸಾಲು ಬರೆಯುವ ಬದಲು ಈ ಒಂದು "ನೀವು" ಸಾಕಿತ್ತು. ಈ ಸೌಲಭ್ಯ ನಮ್ಮ ಭಾಷೆಯಲ್ಲೇ ಇದೆ. ನಾನು ಅದನ್ನು ಒಂದು ಸಲವೂ ಬಳಸಿರಲಿಲ್ಲ.

ಮಾತು ಮುಂದುವರಿಯಿತು. ಅವಳ ಮಗಳು, ನನ್ನ ಮಗ, ಶುಗರ್, ಯಾವ ಕಣ್ಣು ಮೊದಲು. ಧೈರ್ಯ ಮಾಡಿ ಕೊಡೆಯ ಮಾತು ತೆಗೆದೆ. ಅವಳು ಜೋರಾಗಿ ನಕ್ಕಳು. "ಯಾರದ್ದೋ ಕೊಡೆ ನನ್ನ ಕೈಗೆ ಕೊಡ್ತಿದ್ದೀರಲ್ಲ! ನಾನು ಕೊಡೆ ಹಿಡಿದವಳೇ ಅಲ್ಲ. ನೆಂದುಕೊಂಡೇ ಬರ್ತಿದ್ದೆ, ಮನೆಯಲ್ಲಿ ದಿನಾ ಬೈಸಿಕೊಳ್ತಿದ್ದೆ."

ಹನ್ನೊಂದು ಕವಿತೆ!

ಆ ದಿನದಿಂದ ನನ್ನ ಹಳೆಯ ಕವಿತೆಗಳನ್ನು ಬೇರೆ ಥರ ಓದತೊಡಗಿದೆ. ಅವುಗಳಲ್ಲಿ ಅವಳು ಇರಲೇ ಇಲ್ಲ. ಇಪ್ಪತ್ತಮೂರರ ನಾನಿದ್ದೆ, ಕೈಯಲ್ಲಿ ಒಂದು ಕೊಡೆಯೂ ಇತ್ತು. ಕಳೆದುಹೋದ ಪ್ರೀತಿ ಅಂತ ನಾವು ಬರೆಯುವುದರಲ್ಲಿ ಮುಕ್ಕಾಲು ಪಾಲು ಕಳೆದುಹೋದ ನಮ್ಮದೇ ವಯಸ್ಸು. ತಪ್ಪೇನಿಲ್ಲ. ಆದರೆ ಅದು ಬರೆಯುವವನಿಗೆ ಗೊತ್ತಿರಬೇಕು.

ಇದರಲ್ಲಿ ನಾವಿಬ್ಬರೇ ಎಡವಿದ್ದೇನಲ್ಲ. ಐರಿಷ್ ಕವಿ ಯೇಟ್ಸ್ ಕಥೆ ನಿಮಗೆ ಇಷ್ಟವಾಗಬಹುದು. ಮಾಡ್ ಗಾನ್ ಎಂಬಾಕೆಯನ್ನು ಆತ ನೋಡಿದ್ದು 1889ರಲ್ಲಿ. 1891ರಲ್ಲಿ ಮದುವೆಯಾಗುತ್ತೀಯಾ ಎಂದು ಕೇಳಿದ. ಆಕೆ ಒಲ್ಲೆ ಎಂದಳು. ಅದೇ ವರ್ಷ ಒಂದು ಕವಿತೆ ಬರೆದ: ನಿನಗೆ ವಯಸ್ಸಾಗಿ, ತಲೆ ನರೆತು, ಬೆಂಕಿಯ ಪಕ್ಕ ತೂಕಡಿಸುವಾಗ ಈ ಪುಸ್ತಕ ತೆಗೆದು ಓದು, ನಿನ್ನನ್ನು ನಿಜವಾಗಿ ಪ್ರೀತಿಸಿದವನು ಒಬ್ಬನಿದ್ದ ಅಂತ. ಬರೆದಾಗ ಅವನಿಗೆ 26, ಅವಳಿಗೆ ಇನ್ನೂ ಅಷ್ಟೂ ಆಗಿರಲಿಲ್ಲ. ಮುಪ್ಪಿನ ಕವಿತೆ ಅಂತ ಜನ ಇವತ್ತಿಗೂ ಓದುವುದನ್ನು ಬರೆದವನು ಒಬ್ಬ ಹುಡುಗ. ಅದರ ಮೊದಲ ಎಳೆಯನ್ನು ಅವನು ಎತ್ತಿಕೊಂಡಿದ್ದು ಫ್ರೆಂಚ್ ಕವಿ ರಾನ್ಸಾರ್‌ನಿಂದ. 1578ರಲ್ಲಿ ಅಚ್ಚಾದ ರಾನ್ಸಾರ್‌ನ ಸುನೀತದಲ್ಲೂ ಇದೇ ಮಾತಿದೆ, ಸ್ವಲ್ಪ ಬೆದರಿಕೆಯ ದನಿಯಲ್ಲಿ: ಮುದುಕಿಯಾದ ಮೇಲೆ ಪಶ್ಚಾತ್ತಾಪ ಪಡುತ್ತೀಯ ನೋಡು, ಈಗಲೇ ಒಪ್ಪಿಕೋ. ಅಷ್ಟು ಹೊತ್ತಿಗೆ ರಾನ್ಸಾರ್‌ಗೆ ಐವತ್ತು ದಾಟಿತ್ತು. ನಮ್ಮ ವಯಸ್ಸಿನವರು ಇಂಥದ್ದಕ್ಕೆ ಕೈ ಹಾಕಬಾರದು ಅಂತ ನನಗನ್ನಿಸಿತು, ಅದು ಬೇರೆ ಮಾತು.

ಆದರೆ ಯೇಟ್ಸ್‌ನ ನಿಜವಾದ ಕವಿತೆ, ನನ್ನ ಮಟ್ಟಿಗೆ, ಬರುವುದು 35 ವರ್ಷ ಬಿಟ್ಟು. 1926ರಲ್ಲಿ ಅವನು ಸೆನೆಟರ್, ನೊಬೆಲ್ ಬಂದು ಮೂರು ವರ್ಷ ಆಗಿದೆ. ಒಂದು ಶಾಲೆ ನೋಡಲು ಹೋಗುತ್ತಾನೆ. ಮಕ್ಕಳು ಈ ಅರವತ್ತರ ದೊಡ್ಡ ಮನುಷ್ಯನನ್ನು ಪಿಳಿಪಿಳಿ ನೋಡುತ್ತಾರೆ. ಮಾಡ್ ಗಾನ್ ಕೂಡ ಈ ವಯಸ್ಸಿನಲ್ಲಿ ಹೀಗೇ ಇದ್ದಳೇನೋ ಅಂತ ಅವನಿಗೆ ಅನ್ನಿಸುತ್ತದೆ. ಅದರ ಹಿಂದೆಯೇ ಅವಳ ಈಗಿನ ಮುಖ ಕಣ್ಣ ಮುಂದೆ ಬರುತ್ತದೆ, ಕೆನ್ನೆ ಒಳಗೆ ಹೋದ ಮುಖ. ತನ್ನನ್ನೂ ಬಿಡುವುದಿಲ್ಲ, ನಾನೊಂದು ಹಳೆಯ ಬೆದರುಗೊಂಬೆ ಎನ್ನುತ್ತಾನೆ. ಅಲ್ಲಿ ಇಬ್ಬರಿಗೂ ವಯಸ್ಸಾಗಿದೆ. ಹುಡುಗನಾಗಿದ್ದಾಗ ಅವಳ ಮುಪ್ಪನ್ನು ಊಹಿಸಿದ್ದ, ಈಗ ಕಂಡ. ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ಓದಿ. ನಾನು ಇಷ್ಟೆಲ್ಲ ಬರೆದದ್ದಕ್ಕಿಂತ ಅದೇ ಜಾಸ್ತಿ ಕಲಿಸುತ್ತದೆ.

ಇಂಗ್ಲಿಷ್ ಕವಿ ಥಾಮಸ್ ಹಾರ್ಡಿಯ ಕಥೆ ಇನ್ನೂ ಕಹಿ. ಅವನು ಕಳೆದುಕೊಂಡದ್ದು ಮನೆಯಲ್ಲೇ ಇದ್ದ ಹೆಂಡತಿಯನ್ನು. ಹಾರ್ಡಿ ಮತ್ತು ಎಮ್ಮಾ ಒಂದೇ ಸೂರಿನ ಕೆಳಗೆ ವರ್ಷಗಟ್ಟಲೆ ಬೇರೆ ಬೇರೆಯಾಗಿ ಬದುಕಿದರು. 1912ರ ನವೆಂಬರ್‌ನಲ್ಲಿ ಆಕೆ ಸತ್ತಾಗ ಅವನಿಗೆ 72. ಮುಂದಿನ ಮಾರ್ಚ್‌ನಲ್ಲಿ ಅವನು ಕಾರ್ನ್‌ವಾಲ್‌ಗೆ ಹೋದ. 1870ರ ಮಾರ್ಚ್‌ನಲ್ಲಿ ಅವರಿಬ್ಬರೂ ಮೊದಲು ಭೇಟಿಯಾದ ಜಾಗ ಅದು. ಆ ಚಳಿಗಾಲದಲ್ಲಿ, ಅದರ ಮುಂದಿನ ತಿಂಗಳುಗಳಲ್ಲಿ ಸಾಲು ಸಾಲು ಕವಿತೆ ಬಂದವು. ಬದುಕಿದ್ದಾಗ ಮಾತಾಡದವನು ಸತ್ತ ಮೇಲೆ ಮಾತು ನಿಲ್ಲಿಸಲಿಲ್ಲ. ನನಗೆ ಆ ಕವಿತೆಗಳಲ್ಲಿ ಹಿಡಿಸುವುದು ಇದು: ಹಳೆಯ ಹುಡುಗಿಯನ್ನು ಹುಡುಕುತ್ತಲೇ, ನಡುವೆ ನಾವು ಹಾಳು ಮಾಡಿಕೊಂಡ ವರ್ಷಗಳೂ ಇದ್ದವು ಎಂಬುದನ್ನು ಅವನು ಮುಚ್ಚಿಡುವುದಿಲ್ಲ. ನಾವು ಮಾಡುವುದು ಉಲ್ಟಾ. ನಡುವಿನದ್ದನ್ನೆಲ್ಲ ಹಾರಿಸಿ, ಮೆಟ್ಟಿಲ ಮೇಲಿನ ಹುಡುಗಿಗೆ ನೇರವಾಗಿ ಹಾರುತ್ತೇವೆ.

ಇನ್ನು ನಿಮ್ಮ ಮೊದಲ ಸಾಲು. "ಕಾಲದ ಹೊಳೆ" ತೆಗೆದುಬಿಡಿ, ದಯವಿಟ್ಟು. ಕಾಲ ಎಂಬ ಪದವನ್ನೇ ಒಂದು ವರ್ಷ ಮುಟ್ಟಬೇಡಿ. ಬಸವಣ್ಣನ ವಚನ ಶಾಲೆಯಲ್ಲೇ ಓದಿರುತ್ತೀರಿ, "ನೆರೆ ಕೆನ್ನೆಗೆ, ತೆರೆ ಗಲ್ಲಕೆ". ಅದು ಭಕ್ತಿಯ ಮಾತು, ನಮ್ಮ ಹಾಗೆ ಹಳೇ ಪ್ರೀತಿಯ ಕೊರಗಲ್ಲ. ಆದರೂ ಮುಪ್ಪನ್ನು ಹೇಗೆ ಹೇಳಬೇಕು ಅಂತ ಅಲ್ಲಿ ನೋಡಿ. ಹಲ್ಲು ಹೋಗುತ್ತದೆ, ಬೆನ್ನು ಬಾಗುತ್ತದೆ, ಕೈಗೆ ಕೋಲು ಬರುತ್ತದೆ. ಒಂದೊಂದೂ ಕಣ್ಣಿಗೆ ಕಾಣುವಂಥದ್ದು. "ಕಾಲ" ಎಂಬ ಸದ್ದು ಒಂದೇ ಸಲ ಬರುತ್ತದೆ, "ಕಾಲ ಮೇಲೆ ಕೈಯನೂರಿ" ಅಂತ. ಅದೂ ಸಮಯವಲ್ಲ, ಕಾಲು! ಜೊತೆಗೆ ಆ ಎರಡು ಪದ ನೋಡಿ. ನೆರೆ ಅಂದರೆ ಬಿಳಿಗೂದಲು, ಹೊಳೆಗೆ ಬರುವ ನೆರೆಯೂ ಹೌದು. ತೆರೆ ಅಂದರೆ ಸುಕ್ಕು, ನೀರಿನ ಅಲೆಯೂ ಹೌದು. ನೀವು ಕಷ್ಟಪಟ್ಟು ತಂದ ಹೊಳೆ ಅಲ್ಲಿ ಹೆಸರೇ ಇಲ್ಲದೆ ಮುಖದ ಮೇಲೆ ಹರಿಯುತ್ತಿದೆ. ಬಸವಣ್ಣ ಬೇಕೆಂದೇ ಮಾಡಿದನೋ ಇಲ್ಲವೋ, ನನ್ನ ಕಿವಿಗಂತೂ ಹಾಗೆ ಕೇಳುತ್ತದೆ.

ಒಂಬತ್ತನೇ ಶತಮಾನದ ಜಪಾನಿನ ಕವಯಿತ್ರಿ ಓನೊ ನೊ ಕೊಮಾಚಿ ಇದನ್ನು ಬೇಕೆಂದೇ ಮಾಡಿದಳು. ಹೂವಿನ ಬಣ್ಣ ಮಾಸಿತು, ನಾನು ಸುಮ್ನೆ ನೋಡುತ್ತಾ ಕೂತಿದ್ದಾಗ ಉದ್ದದ ಮಳೆ ಸುರಿಯುತ್ತಿತ್ತು, ಎಂಬರ್ಥದ ಪುಟ್ಟ ಕವಿತೆ ಅದು. "ಫುರು" ಎಂಬ ಸದ್ದಿಗೆ ಮಳೆ ಸುರಿಯುವುದು ಎಂದೂ ಅರ್ಥ, ವಯಸ್ಸು ಕಳೆಯುವುದು ಎಂದೂ ಅರ್ಥ. "ನಗಮೆ" ಎಂದರೆ ಯೋಚಿಸುತ್ತಾ ನೋಡುವುದು, ಬಿಡದೆ ಸುರಿಯುವ ಮಳೆಯೂ ಹೌದು. ಐದು ಸಾಲಿನಲ್ಲಿ ರೂಪ, ಪ್ರೀತಿ, ಮಳೆ ಮೂರೂ ಒಟ್ಟಿಗೆ ಹೋಗಿಬಿಡುತ್ತವೆ.

ಕೊನೆಯ ಎರಡು ಸಾಲಿಗೆ ಬರೋಣ. ಬರುತ್ತಿದ್ದೆ, ನಗುತ್ತಿದ್ದೆ, ಕಾಯುತ್ತಿದ್ದೆ. ಹಳೆಯದನ್ನು ನೆನೆಯುವಾಗ ಕನ್ನಡದಲ್ಲಿ ಈ "-ತ್ತಿದ್ದೆ" ತಾನಾಗಿಯೇ ಬಾಯಿಗೆ ಬರುತ್ತದೆ. ಪ್ರಾಸವನ್ನೂ ಪುಕ್ಕಟೆ ಕೊಡುತ್ತದೆ. ಆದರೆ ಅದರಲ್ಲಿ ಯಾವ ದಿನವೂ ಇಲ್ಲ. ನೂರು ಸಂಜೆಗಳನ್ನು ಕಲಸಿ ಒಂದು ಮುದ್ದೆ ಮಾಡಿದ ಹಾಗೆ. ಒಂದು ಕೆಲಸ ಮಾಡಿ. ಎಲ್ಲ "-ತ್ತಿದ್ದೆ"ಗಳನ್ನೂ ಹೊಡೆದುಹಾಕಿ, "ಬಂದೆ" ಎಂದು ಬರೆಯಿರಿ. ತಕ್ಷಣ ಪ್ರಶ್ನೆಗಳು ಏಳುತ್ತವೆ: ಯಾವತ್ತು ಬಂದದ್ದು? ಕೈಯಲ್ಲಿ ಏನಿತ್ತು? ಮೊದಲು ಯಾರು ಮಾತಾಡಿದರು? ಅಥವಾ "ಬರಲಿಲ್ಲ" ಎಂದು ಬರೆಯಿರಿ. ನಿಮ್ಮ ಕಥೆಯಲ್ಲಿ ಆಕೆ ಬಾರದ ಒಂದು ಸಂಜೆ ಇದ್ದೇ ಇರಬೇಕು. ನನಗೆ ಓದಬೇಕು ಅನ್ನಿಸುವುದು ಆ ಸಂಜೆಯನ್ನು.

ನೆನಪು ಮೋಸ ಮಾಡಿದರೆ? ಮಾಡಲಿ. ಹಳದಿ ಕೊಡೆ ಸುಳ್ಳಾದ ಮೇಲೆ ನಾನು ಅದನ್ನು ಕವಿತೆಯಿಂದ ತೆಗೆಯಲಿಲ್ಲ. ಅವಳ ನಗುವನ್ನೂ ಸೇರಿಸಿದೆ. ಆಸ್ಪತ್ರೆಯ ಬೆಂಚು, ಎರಡು ಜೊತೆ ಮಂಜುಗಣ್ಣು, ಯಾರದ್ದೋ ಕೊಡೆ, ಗೋಡೆಯ ಮೇಲೆ ಕೆಂಪಾಗಿ ಹೊಳೆಯುವ ಟೋಕನ್ ನಂಬರ್. ಹದಿನಾಲ್ಕು ಸಾಲು. ಹನ್ನೆರಡನೆಯದು ಅದು, ಮೊದಲ ಹನ್ನೊಂದಕ್ಕಿಂತ ವಾಸಿ.

ಹೆಂಡತಿಗೆ ತೋರಿಸಬಹುದಾ ಅಂದರೆ, ಅದು ನಿಮ್ಮ ನಿಮ್ಮ ಮನೆಯ ವಿಷಯ, ನಾನು ಹೇಗೆ ಹೇಳಲಿ? ನನ್ನದು ಹೇಳಬಲ್ಲೆ. ಆ ದಿನ ಆಸ್ಪತ್ರೆಗೆ ನನ್ನ ಕೈ ಹಿಡಿದು ಕರೆದುಕೊಂಡು ಹೋದವಳು ನನ್ನ ಹೆಂಡತಿಯೇ. ನಾನು ಕೊಡೆಯ ಕಥೆ ಹೇಳುವಾಗ ಅವಳು ಬಿಲ್ ಕಟ್ಟಲು ಕ್ಯೂನಲ್ಲಿ ನಿಂತಿದ್ದಳು. ಅವಳು ಆ ಕವಿತೆಯಲ್ಲಿ ಎಲ್ಲೂ ಇರಲಿಲ್ಲ. ಅದು ನನಗೆ ಹೊಳೆದದ್ದೂ ಹಾಳೆ ಅವಳ ಕೈಗೆ ಕೊಟ್ಟ ಮೇಲೆ. ಅವಳು ನಿಧಾನವಾಗಿ ಎರಡು ಸಲ ಓದಿದಳು.

"ಟೋಕನ್ 41 ಅಲ್ಲ, 47," ಎಂದಳು. "ಫೈಲ್ ನನ್ನ ಕೈಯಲ್ಲಿತ್ತು."

ತಿದ್ದಿದ್ದೇನೆ.