ಕೋಶದೊಳಗಿನ ಕಬ್ಬಿಣ: ಎಂಆರ್‌ಐನ ಕಪ್ಪು ಚುಕ್ಕೆ ಏನು ಹೇಳುತ್ತದೆ?

ಪ್ರಶ್ನೆ: ಮಂಗಳೂರಿನಲ್ಲಿ ಎಂಎಸ್ಸಿ ಓದುತ್ತಿರುವ ಅಕ್ಕನ ಮಗಳು ಒಂದು ಫೋಟೋ ತೋರಿಸಿದಳು. ಗುಲಾಬಿ ಬಣ್ಣದ ಕೋಶಗಳು, ಅವುಗಳಲ್ಲಿ ನೀಲಿ ಚುಕ್ಕೆಗಳು. ಸ್ಟೆಮ್ ಸೆಲ್ ಒಳಗೆ ಕಬ್ಬಿಣ ಹೋಗಿದೆಯಂತೆ. ಅದನ್ನು ಹೇಗೆ ಹಾಕುತ್ತಾರೆ, ಸೂಜಿಯಿಂದ ಚುಚ್ಚುತ್ತಾರಾ? ಆಮೇಲೆ ಎಂಆರ್‌ಐ ಮಾಡಿದರೆ ಕೋಶ ಬದುಕಿದೆಯೋ ಇಲ್ಲವೋ ಗೊತ್ತಾಗುತ್ತದಾ? ಅಪ್ಪನ ಮಂಡಿನೋವಿಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡುತ್ತೇವೆ ಅಂತ ಒಂದು ಕಡೆ ಹೇಳಿದ್ದಾರೆ, ಅದಕ್ಕೇ ಕೇಳುತ್ತಿದ್ದೇನೆ.
– ಓದುಗರು, ಕಾರವಾರ

ಉತ್ತರ: ಚುಚ್ಚುವುದಿಲ್ಲ. ಕೋಶವೇ ನುಂಗುತ್ತದೆ. ಆಮೇಲೆ ಎಂಆರ್‌ಐನಲ್ಲಿ ಕೋಶ ಎಲ್ಲಿದೆ ಎಂದು ಕಾಣಲಿ ಅಂತ ಕಬ್ಬಿಣವನ್ನು ಗುರುತಾಗಿ ಹಾಕುತ್ತಾರೆ. ಕಬ್ಬಿಣದ ಆಕ್ಸೈಡಿನ ಅತಿ ಸಣ್ಣ ಕಣಗಳಿಗೆ ಡೆಕ್ಸ್‌ಟ್ರಾನ್ ಎಂಬ ಸಕ್ಕರೆ ಜಾತಿಯ ಹೊದಿಕೆ ಕೊಟ್ಟು, ಕೋಶ ಬೆಳೆಯುವ ದ್ರವಕ್ಕೆ ಸೇರಿಸಿ ಸಾಮಾನ್ಯವಾಗಿ ರಾತ್ರಿಯಿಡೀ ಬಿಡುತ್ತಾರೆ. ಆದರೆ ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲ ಕೋಶ) ಇವನ್ನು ಸುಲಭಕ್ಕೆ ನುಂಗುವುದಿಲ್ಲ. ಹಾಗಾಗಿ ಪ್ರೊಟಮೈನ್ ಎಂಬ ಪ್ರೋಟೀನ್ ಬೆರೆಸುತ್ತಾರೆ. ಇದರ ಧನ ವಿದ್ಯುದಂಶದಿಂದ ಕಣಗಳು ಕೋಶದ ಪೊರೆಗೆ ಅಂಟುತ್ತವೆ, ಪೊರೆ ಒಳಕ್ಕೆ ಮಡಚಿ ಅವನ್ನು ಚೀಲದಂತೆ ಸುತ್ತಿಕೊಳ್ಳುತ್ತದೆ. ಮೀನಿನ ಊರಿನವರಿಗೆ ಇದನ್ನು ಹೇಳಲೇಬೇಕು: ಪ್ರೊಟಮೈನ್ ಮೊದಲು ಸಿಕ್ಕಿದ್ದು ಸಾಲ್ಮನ್ ಮೀನಿನ ವೀರ್ಯದಲ್ಲಿ.

ಆ ನೀಲಿ ಬಣ್ಣ ಪ್ರಷ್ಯನ್ ಬ್ಲೂ. ಪೊಟ್ಯಾಸಿಯಂ ಫೆರೋಸಯನೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಕಬ್ಬಿಣ ಇದ್ದಲ್ಲೆಲ್ಲ ನೀಲಿಯಾಗುತ್ತದೆ, ಗುಲಾಬಿ ಬರುವುದು ಕೋಶ ಕಾಣಲೆಂದು ಹಾಕುವ ಇನ್ನೊಂದು ಬಣ್ಣದಿಂದ. ಫೋಟೋ ಇನ್ನೊಮ್ಮೆ ನೋಡಿ, ನೀಲಿ ಇರುವುದು ಕೋಶಕೇಂದ್ರದ (ನ್ಯೂಕ್ಲಿಯಸ್) ಸುತ್ತ, ಅದರ ಒಳಗಲ್ಲ. ಆದರೆ ಪೊರೆಯ ಹೊರಗೆ ಸುಮ್ನೆ ಅಂಟಿಕೊಂಡ ಕಣವೂ ಹಾಗೇ ನೀಲಿಯಾಗುತ್ತದೆ. ಮಾಮೂಲಿ ಮೈಕ್ರೋಸ್ಕೋಪಿನಲ್ಲಿ ಒಳಗಿನದು ಯಾವುದು, ಹೊರಗಿನದು ಯಾವುದು ಎಂದು ಬಿಡಿಸಿ ಹೇಳುವುದು ಕಷ್ಟ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಕೋಶದ ತೆಳು ಸೀಳು ನೋಡಿದಾಗ ಚೀಲಗಳೊಳಗೆ ಕಪ್ಪು ಕಾಳುಗಳು ಕಂಡರೆ ಮಾತ್ರ ನಾನು ನಂಬುತ್ತೇನೆ.

ಎಂಆರ್‌ಐ ನೋಡುವುದು ಮುಖ್ಯವಾಗಿ ನೀರಿನ ಹೈಡ್ರೋಜನ್ ಸಿಗ್ನಲ್. ಕಬ್ಬಿಣ ತನ್ನ ಸುತ್ತಲಿನ ಕಾಂತಕ್ಷೇತ್ರ ಕೆಡಿಸುತ್ತದೆ, ಅಲ್ಲಿನ ಸಿಗ್ನಲ್ ಬೇಗ ಸಾಯುತ್ತದೆ, ಜಾಗ ಕಪ್ಪಾಗುತ್ತದೆ. ಈ ಕಪ್ಪು ಕಲೆ ಕೋಶಗಳಿಗಿಂತ ದೊಡ್ಡದಾಗಿ ಕಾಣುವುದರಿಂದ ಸ್ವಲ್ಪ ಕೋಶ ಇದ್ದರೂ ಸಿಗುತ್ತದೆ. ಇಂಜೆಕ್ಷನ್ ಸರಿಯಾದ ಜಾಗಕ್ಕೆ ಬಿದ್ದಿದೆಯೇ ಎಂದು ನೋಡಲು ಇದು ನಿಜಕ್ಕೂ ಒಳ್ಳೆಯ ಉಪಾಯ.

ಬದುಕಿದೆಯಾ ಎಂಬ ಪ್ರಶ್ನೆಗೆ ಮಾತ್ರ ಇದು ಉತ್ತರ ಕೊಡುವುದಿಲ್ಲ. ಶಿರಸಿಯ ಅಡಿಕೆ ಚೀಲದ ಮೇಲೆ ಬರೆದ ಹೆಸರು ಅಡಿಕೆ ಸುರಿದ ಮೇಲೂ ಹಾಗೇ ಇರುತ್ತದೆ, ಅಲ್ವಾ? ಕೋಶ ಸತ್ತರೂ ಕಬ್ಬಿಣ ಅಲ್ಲೇ ಉಳಿಯಬಹುದು, ಅಥವಾ ಕಸ ತಿನ್ನುವ ಮ್ಯಾಕ್ರೋಫೇಜ್ ಕೋಶ ಅದನ್ನು ನುಂಗಬಹುದು, ಆಗಲೂ ಚಿತ್ರದಲ್ಲಿ ಅದೇ ಕಪ್ಪು. ಹಳೆಯ ರಕ್ತಸ್ರಾವದ ಕಬ್ಬಿಣವೂ ಕಪ್ಪೇ. ಇನ್ನೊಂದು ಕಡೆ, ಕೋಶ ಚೆನ್ನಾಗಿ ಬೆಳೆದು ಎರಡಾಗುತ್ತಾ ಹೋದಂತೆ ಕಬ್ಬಿಣವೂ ಹಂಚಿಹೋಗಿ ಕಪ್ಪು ಮಾಸುತ್ತದೆ. ಅಂದರೆ ಕಪ್ಪು ಉಳಿದಿದ್ದು ಯಶಸ್ಸಲ್ಲ, ಮಾಸಿದ್ದು ಸೋಲೂ ಅಲ್ಲ.

ನಿಮ್ಮ ತಂದೆಯವರ ವಿಷಯ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿ ಚಿಕಿತ್ಸೆಯೆಂದು ಒಪ್ಪಿದ್ದು ರಕ್ತದ ಕಾಯಿಲೆಗಳಂಥವಕ್ಕೆ ಮಾಡುವ ರಕ್ತಮೂಲ ಸ್ಟೆಮ್ ಸೆಲ್ ಕಸಿಯನ್ನು (ಅಸ್ಥಿಮಜ್ಜೆ ಕಸಿಯಂಥದ್ದು) ಮಾತ್ರ. ಉಳಿದದ್ದು ಕ್ಲಿನಿಕಲ್ ಟ್ರಯಲ್‌ನಲ್ಲಷ್ಟೇ ಆಗಬೇಕು ಎಂದು ಅದು ಹೇಳಿತ್ತು. ಆದ್ದರಿಂದ ಇಂಜೆಕ್ಷನ್ ಕೊಡುತ್ತೇವೆ ಎಂದವರ ಹತ್ತಿರ ಟ್ರಯಲ್‌ನ ಸಿಟಿಆರ್‌ಐ (ದೇಶದ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ. ಕೊಡದಿದ್ದರೆ ಅಪ್ಪನನ್ನು ಕರೆದುಕೊಂಡು ವಾಪಸ್ ಬನ್ನಿ. ಕೊಟ್ಟರೆ, ಸಿಟಿಆರ್‌ಐ ವೆಬ್‌ಸೈಟಿನಲ್ಲಿ ಆ ಸಂಖ್ಯೆ ಹಾಕಿ, ಅಲ್ಲಿ ಬರೆದಿರುವುದು ಮಂಡಿಯ ಬಗ್ಗೆಯೇ ಹೌದಾ ಎಂದು ನೀವೇ ಓದಿ ನೋಡಿ.